ಸಣ್ಣ ಮೈಯ ಮಕ್ಕಳಿಗೆ ರಗ್ಬಿ: ಶೇನ್ ವಿಲಿಯಮ್ಸ್ ಆಟ ತೋರಿಸಿ ಕಲಿಸುವುದು ಹೇಗೆ

ರಗ್ಬಿ ಅಂದ ತಕ್ಷಣ ನಮ್ಮ ಕಡೆ ಜನ ನೆನೆಸಿಕೊಳ್ಳುವುದು ಆರಡಿ ಎತ್ತರದ, ನೂರು ಕೆಜಿ ತೂಕದ ಆಳುಗಳನ್ನು. ಅದು ಸುಳ್ಳೇನೂ ಅಲ್ಲ. ಆದರೆ ರಗ್ಬಿಯನ್ನೇ ಉಸಿರಾಡುವ ವೇಲ್ಸ್ ದೇಶಕ್ಕೆ ಅತಿ ಹೆಚ್ಚು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು) ಗಳಿಸಿಕೊಟ್ಟವರ ಎತ್ತರ ಐದಡಿ ಏಳಿಂಚು. ಹೆಸರು ಶೇನ್ ವಿಲಿಯಮ್ಸ್. ವೇಲ್ಸ್ ಪರ 87 ಟೆಸ್ಟ್ (ಅಂತರರಾಷ್ಟ್ರೀಯ) ಪಂದ್ಯ, 58 ಟ್ರೈ. 2008ರಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಅವರನ್ನು ವರ್ಷದ ಆಟಗಾರ ಎಂದು ಆರಿಸಿತು. ವೇಲ್ಸ್‌ನವರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಆಡಿ ಬೆಳೆದದ್ದು ಖೋ ಖೋ. ಈಗ ಸಂಜೆ ಹೊತ್ತು ಮಕ್ಕಳಿಗೆ ರಗ್ಬಿಯನ್ನೂ ಆಡಿಸುತ್ತೇನೆ. ನಮ್ಮ ಊರಿನಲ್ಲಿ ಕುಸ್ತಿ ಇದೆ, ಕಬಡ್ಡಿ ಇದೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಮೈಯಾಟಕ್ಕೆ ಹೆದರುವ ಊರಲ್ಲ ಇದು. ಆದರೂ ತರಗತಿಯಲ್ಲಿ ಅರ್ಧಕ್ಕೆ ಅರ್ಧ ಮಕ್ಕಳು ಸಣಕಲು. ಅವರು ತಾವಾಗಿಯೇ ಸಾಲಿನ ಹಿಂದೆ ಹೋಗಿ ನಿಲ್ಲುತ್ತಾರೆ. ಈ ಬರಹ ಅಂಥ ಮಕ್ಕಳನ್ನು ಮುಂದೆ ಕರೆದು ಆಡಿಸಬೇಕು ಅನ್ನುವ ಪಿಟಿ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ, ಓಣಿಯ ಅಣ್ಣ ಅಕ್ಕಂದಿರಿಗೆ. ದಾರಿ ಸರಳ. ಒಬ್ಬ ಆಟಗಾರನ ಇಡೀ ಆಟದ ಬದುಕನ್ನು ಮಕ್ಕಳ ಮುಂದೆ ಇಡಿ. ಅದರಿಂದ ಒಂದೊಂದೇ ಕೆಲಸ ಎತ್ತಿಕೊಂಡು ಮೈದಾನಕ್ಕೆ ಇಳಿಯಿರಿ.

ನಿಯಮ ಎಷ್ಟು ಬೇಕೋ ಅಷ್ಟೇ

ಶುರುವಿನಲ್ಲಿ ನಾಲ್ಕು ಮಾತು ಸಾಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಚೆಂಡು ಹಿಡಿದು ಎಷ್ಟು ಬೇಕಾದರೂ ಓಡಬಹುದು. ಕೈಯಿಂದ ಕೊಡುವುದಾದರೆ ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ, ಮುಂದಕ್ಕೆ ಕೊಡುವ ಹಾಗಿಲ್ಲ. ಚೆಂಡು ಹಿಡಿದವರನ್ನು ಮಾತ್ರ ಹಿಡಿದು ಕೆಡವಬಹುದು (ಇದೇ ಟ್ಯಾಕಲ್), ಅದೂ ಭುಜದಿಂದ ಕೆಳಗೆ. ಟ್ರೈ ಆದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2 ಅಂಕ (ಇದೇ ಕನ್ವರ್ಷನ್), ಪೆನಾಲ್ಟಿಗೆ 3 ಅಂಕ ಅನ್ನುವುದನ್ನೆಲ್ಲ ವಿಡಿಯೊ ನೋಡುವಾಗ ಹೇಳಿದರಾಯಿತು. ಸ್ಕ್ರಮ್, ಲೈನ್‌ಔಟ್ ಈಗ ಬೇಡ. ಸುಮ್ನೆ ಮಕ್ಕಳ ತಲೆ ತುಂಬುತ್ತದೆ.

ದೊಡ್ಡವರ ಆಟದಲ್ಲಿ ಒಂದು ತಂಡಕ್ಕೆ 15 ಜನ, 40 ನಿಮಿಷದ ಎರಡು ಅವಧಿ. ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದು ಏಳು ಜನರ ಆಟ, 7 ನಿಮಿಷದ ಎರಡು ಅವಧಿ. ನಮ್ಮ ಶಾಲೆಗಳಿಗೆ ಏಳು ಜನರ ಆಟವೇ ಸರಿ. ನಮ್ಮ ಹತ್ತಿರ ಇರುವ ಮೈದಾನಕ್ಕೂ ಅದೇ ಹೊಂದುತ್ತದೆ.

ಚೆಂಡು ಮಾತ್ರ ಮೊಟ್ಟೆಯಾಕಾರದ್ದೇ ಬೇಕು. ಅದು ಪುಟಿಯುವ ರೀತಿಯೇ ಬೇರೆ, ಹಿಡಿಯುವ ರೀತಿಯೂ ಬೇರೆ. ಹೈಸ್ಕೂಲಿನ ಮಕ್ಕಳಿಗೆ 4ನೇ ಸೈಜ್ ತರಿಸಿ, 15 ದಾಟಿದವರಿಗೆ 5ನೇ ಸೈಜ್. ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮೀರತ್, ಜಲಂಧರ್ ಕಡೆಯ ಚೆಂಡುಗಳು ಚೆನ್ನಾಗಿಯೇ ಬಾಳಿಕೆ ಬರುತ್ತವೆ.

ಮೊದಲು ಮನುಷ್ಯನ ಕಥೆ ಹೇಳಿ

ವಿಡಿಯೊ ಹಾಕುವ ಮೊದಲು ಹತ್ತು ನಿಮಿಷ ಕೂರಿಸಿ ಈ ಕಥೆ ಹೇಳಿ. ಯಾರು ಓಡುತ್ತಿದ್ದಾರೆ ಅಂತ ಗೊತ್ತಿದ್ದರೆ ಮಕ್ಕಳು ಬೇರೆ ಥರ ನೋಡುತ್ತಾರೆ.

ಶೇನ್ ಹುಟ್ಟಿದ್ದು 1977ರ ಫೆಬ್ರುವರಿಯಲ್ಲಿ, ದಕ್ಷಿಣ ವೇಲ್ಸ್‌ನ ಸ್ವಾನ್ಸಿ ಪಕ್ಕದ ಮಾರಿಸ್ಟನ್‌ನಲ್ಲಿ. ಬೆಳೆದದ್ದು ಅಮನ್ ಕಣಿವೆಯಲ್ಲಿ. ಅದು ಕಲ್ಲಿದ್ದಲು ಗಣಿಗಳ ಸೀಮೆ. ಗಣಿಗಳು ಒಂದೊಂದಾಗಿ ಮುಚ್ಚಿದವು, ಊರೂರಿನ ರಗ್ಬಿ ಕ್ಲಬ್‌ಗಳು ಉಳಿದವು. ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ತರಗತಿಯ ಎಷ್ಟೋ ಮಕ್ಕಳ ಅಜ್ಜಂದಿರು ಗಿರಣಿ ಕೆಲಸಗಾರರು. ಗಿರಣಿ ಹೋದ ಮೇಲೂ ನಮ್ಮಲ್ಲಿ ಗರಡಿ ಮನೆಗಳು ಉಳಿದುಕೊಂಡವು, ಅಲ್ವಾ?

ಶೇನ್ ಮೊದಲು ಆಡಿದ್ದು ಅಮನ್ ಯುನೈಟೆಡ್ ಅನ್ನುವ ಊರ ಕ್ಲಬ್‌ನಲ್ಲಿ. ಆಗ ಅವರು ವಿಂಗ್ (ಮೈದಾನದ ಅಂಚಿನಲ್ಲಿ ಆಡುವವರು) ಅಲ್ಲ, ಸ್ಕ್ರಮ್ ಹಾಫ್. ಅಂದರೆ ಗುಂಪಿನ ಕಾಲ ಬುಡದಿಂದ ಚೆಂಡು ಎತ್ತಿ ಹಂಚುವವರು. 1998ರಲ್ಲಿ ನೀತ್ ಕ್ಲಬ್ ಸೇರಿದರು. ರಗ್ಬಿಯಲ್ಲಿ ಬಹಿರಂಗವಾಗಿ ಸಂಬಳ ಕೊಡುವುದು ಶುರುವಾಗಿದ್ದೇ 1995ರಲ್ಲಿ. ಅದಕ್ಕೂ ಮೊದಲು ವೇಲ್ಸ್‌ನ ಆಟಗಾರರು ಗಣಿಯಲ್ಲೋ, ಉಕ್ಕಿನ ಕಾರ್ಖಾನೆಯಲ್ಲೋ, ಶಾಲೆಯಲ್ಲೋ ಕೆಲಸ ಮಾಡಿ ಶನಿವಾರ ದೇಶಕ್ಕೆ ಆಡುತ್ತಿದ್ದರು. ಆಟವನ್ನೇ ನೌಕರಿ ಮಾಡಿಕೊಂಡ ಮೊದಲ ತಲೆಮಾರಿನಲ್ಲಿ ಶೇನ್ ಒಬ್ಬರು.

2000ದ ಫೆಬ್ರುವರಿಯಲ್ಲಿ ಕಾರ್ಡಿಫ್‌ನಲ್ಲಿ ಫ್ರಾನ್ಸ್ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ವೇಲ್ಸ್ 36-3ರಿಂದ ಸೋತಿತು. ಮುಂದಿನ ಪಂದ್ಯ ಇಟಲಿ ವಿರುದ್ಧ, ಮೊದಲ ಟ್ರೈ ಬಂತು. ಆಮೇಲೆ ಗಾಯ, ತಂಡದಿಂದ ಹೊರಗೆ, ‘ಸಣ್ಣ ಆಳು’ ಅನ್ನುವ ಮಾತು. ಈ ಭಾಗವನ್ನು ಓಡಿಸಿಬಿಡಬೇಡಿ, ನಿಧಾನವಾಗಿ ಹೇಳಿ. ಮಕ್ಕಳು ಕಿವಿ ಕೊಟ್ಟು ಕೇಳುವುದು ಇದನ್ನೇ.

2003ರ ವಿಶ್ವಕಪ್ ತಂಡಕ್ಕೆ ಅವರನ್ನು ಕರೆದದ್ದು ಮೂರನೇ ಸ್ಕ್ರಮ್ ಹಾಫ್ ಅಂತ. ಅಂದರೆ ಇಬ್ಬರಿಗೆ ಏನಾದರೂ ಆದರೆ ಇರಲಿ ಅಂತ ಒಬ್ಬರು. ಗುಂಪಿನ ಕೊನೆಯ ಪಂದ್ಯ ನ್ಯೂಜಿಲೆಂಡ್ ವಿರುದ್ಧ. ಅದರಲ್ಲಿ ವಿಂಗ್‌ನಲ್ಲಿ ಆಡಲು ಅವಕಾಶ ಸಿಕ್ಕಿತು. ಅಲ್ಲಿಂದ ಮುಂದೆ ಅವರನ್ನು ಹೊರಗಿಡುವ ಮಾತೇ ಬರಲಿಲ್ಲ.

ಅದೇ 2003ರಲ್ಲಿ ವೇಲ್ಸ್ ತನ್ನ ವೃತ್ತಿಪರ ರಗ್ಬಿಯನ್ನು ಪ್ರಾಂತೀಯ ತಂಡಗಳಾಗಿ ಕಟ್ಟಿತು. ನೀತ್ ಮತ್ತು ಸ್ವಾನ್ಸಿ ಸೇರಿ ಆಸ್ಪ್ರೀಸ್ ಆಯಿತು. ಶೇನ್ 2012ರವರೆಗೆ ಅಲ್ಲೇ ಇದ್ದರು. 2005 ಮತ್ತು 2008ರಲ್ಲಿ ವೇಲ್ಸ್ ಯುರೋಪಿನ ಆರು ದೇಶಗಳ ಟೂರ್ನಿಯಾದ ಸಿಕ್ಸ್ ನೇಷನ್ಸ್‌ನ ಐದೂ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲಾಮ್ ಮಾಡಿತು. ಎರಡರಲ್ಲೂ ಅವರಿದ್ದರು. 1978ರ ನಂತರ ವೇಲ್ಸ್‌ಗೆ ಗ್ರ್ಯಾಂಡ್ ಸ್ಲಾಮ್ ಸಿಕ್ಕಿದ್ದು 2005ರಲ್ಲೇ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಕಟ್ಟುವ ಲಯನ್ಸ್ ತಂಡಕ್ಕೆ ನಾಲ್ಕು ಟೆಸ್ಟ್ ಆಡಿ ಎರಡು ಟ್ರೈ ಗಳಿಸಿದರು. ಕೊನೆಗೆ ಜಪಾನಿನ ಮಿತ್ಸುಬಿಷಿ ಡೈನಬೋರ್ಸ್ ತಂಡಕ್ಕೆ ಹೋದರು.

ಯಾವ ಪಂದ್ಯ, ಏನು ನೋಡಬೇಕು

ಸ್ಮಾರ್ಟ್ ಕ್ಲಾಸ್ ಟಿವಿ ಇದ್ದರೆ ಅನುಕೂಲ. ಇಲ್ಲದಿದ್ದರೆ ಒಂದು ಮೊಬೈಲ್‌ಗೆ ಐದಾರು ಮಕ್ಕಳು ಕೂತರೂ ನಡೆಯುತ್ತದೆ. ಹುಟ್ಟಿದ್ದು, ಬೆಳೆದದ್ದು ಅಂತ ವರ್ಷದ ಸಾಲಿನಲ್ಲಿ ತೋರಿಸಬೇಡಿ. ಮೊದಲು ರುಚಿ ಹತ್ತಬೇಕು.

ಹಾಗಾಗಿ 2010ರ ಫೆಬ್ರುವರಿಯ ವೇಲ್ಸ್–ಸ್ಕಾಟ್ಲೆಂಡ್ ಪಂದ್ಯದ ಕೊನೆಯ ಭಾಗದಿಂದ ಶುರು ಮಾಡಿ. ಕೆಲವೇ ನಿಮಿಷ ಉಳಿದಿರುವಾಗ ಸ್ಕಾಟ್ಲೆಂಡ್ 24-14ರಿಂದ ಮುಂದಿದೆ. ಲೀ ಹಾಫ್‌ಪೆನಿ ಟ್ರೈ, ಅದರ ಕನ್ವರ್ಷನ್, ಆಮೇಲೆ ಒಂದು ಪೆನಾಲ್ಟಿ, 24-24. ಸ್ಕಾಟ್ಲೆಂಡ್‌ನ ಇಬ್ಬರು ಹಳದಿ ಕಾರ್ಡ್ ಪಡೆದು ಹೊರಗೆ ಕೂತಿದ್ದಾರೆ. ಕೊನೆಯ ಕಿಕ್ ಆಫ್. ವೇಲ್ಸ್‌ನವರು ಚೆಂಡು ಹೊರಗೆ ಒದ್ದು ಡ್ರಾ ಮಾಡಿಕೊಳ್ಳಬಹುದಿತ್ತು. ಒದೆಯಲಿಲ್ಲ. ಕೈಯಿಂದ ಕೈಗೆ ಚೆಂಡು ಸಾಗಿ ಶೇನ್ ಹತ್ತಿರ ಬರುತ್ತದೆ. ಗೆರೆ ಇನ್ನೂ ಮುಂದಿರುವಾಗಲೇ ಅವರ ಒಂದು ಕೈ ಮೇಲೆದ್ದಿರುತ್ತದೆ. 31-24.

ಮಕ್ಕಳು ಕೂಗಾಡಿ ಮುಗಿಸಲಿ. ಆಮೇಲೆ ಅದೇ ತುಣುಕನ್ನು ಮತ್ತೆ ಹಾಕಿ, ಈ ಸಲ ಚೆಂಡು ನೋಡಬೇಡಿ ಅನ್ನಿ. 11ನೇ ನಂಬರಿನವರು ಚೆಂಡು ಬರುವ ಮೊದಲು ಎಲ್ಲಿದ್ದರು ಅಂತ ಹುಡುಕಿಸಿ. ವಿಂಗ್ ಅಂದರೆ ಮೈದಾನದ ಅಂಚಿನಲ್ಲಿ ನಿಲ್ಲುವವರು. ಶೇನ್ ಅಲ್ಲೇ ನಿಂತು ಕಾಯುವವರಲ್ಲ. ಚೆಂಡು ಎಲ್ಲಿದೆಯೋ ಅಲ್ಲಿಗೆ ನಡೆದು ಬರುತ್ತಾರೆ. ಸ್ಕ್ರಮ್ ಹಾಫ್ ಆಗಿ ಬೆಳೆದವರ ಅಭ್ಯಾಸ ಅದು. ಸಣ್ಣ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಅಂಚಿನಲ್ಲಿ ನಿಂತವರಿಗೆ ಯಾರೂ ಚೆಂಡು ಕೊಡುವುದಿಲ್ಲ, ತಾವೇ ಬಂದು ಕೇಳಬೇಕು.

ಎರಡನೆಯದು ಆ 2003ರ ನವೆಂಬರ್ ಪಂದ್ಯ, ಸಿಡ್ನಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ. ವೇಲ್ಸ್ 53-37ರಿಂದ ಸೋತಿತು. ಆದರೂ ಎರಡನೇ ಅವಧಿಯಲ್ಲಿ ಒಂದು ಹಂತಕ್ಕೆ ವೇಲ್ಸ್ ಮುಂದೆಯೇ ಇತ್ತು. ಸೋತ ಪಂದ್ಯವನ್ನು ಬೇಕಂತಲೇ ತೋರಿಸುತ್ತೇನೆ. ಇದರಲ್ಲಿ ಅವರ ಪಾದ ನೋಡಿ. ವೇಗ ಅರ್ಧಕ್ಕೆ ಇಳಿಸಿ ನೋಡಿ.

2005ರ ಇಂಗ್ಲೆಂಡ್ ಪಂದ್ಯದಲ್ಲಿ ಮೂಲೆಯ ಟ್ರೈ ಇದೆ. ವೇಲ್ಸ್ 11-9ರಿಂದ ಗೆದ್ದ ಪಂದ್ಯ ಅದು. ಕೊನೆಯಲ್ಲಿ ಗೆವಿನ್ ಹೆನ್ಸನ್ ದೂರದಿಂದ ಒದ್ದ ಪೆನಾಲ್ಟಿಯೇ ಎಲ್ಲರ ಬಾಯಲ್ಲಿ ಉಳಿದಿದೆ. ಆದರೆ ಶೇನ್ ಗಳಿಸಿದ ಆ ಐದು ಅಂಕ ಇಲ್ಲದಿದ್ದರೆ ಹೆನ್ಸನ್ ಒದೆತಕ್ಕೆ ಬೆಲೆ ಎಲ್ಲಿತ್ತು? ಅದರಲ್ಲಿ ನೋಡಬೇಕಾದ್ದು ಗೆರೆಯ ಪಕ್ಕದ ಜಾಗ ಎಷ್ಟು ಕಮ್ಮಿ ಇದೆ ಅನ್ನುವುದು.

2008ರ ಫ್ರಾನ್ಸ್ ಪಂದ್ಯ, ಗ್ರ್ಯಾಂಡ್ ಸ್ಲಾಮ್ ಖಾತ್ರಿಯಾದ ದಿನ. ಫ್ರಾನ್ಸ್‌ನವರ ಕೈಯಿಂದ ಚೆಂಡು ಜಾರಿತು. ಶೇನ್ ಬಗ್ಗಿ ಎತ್ತಲಿಲ್ಲ. ಕಾಲಿನಿಂದ ಮುಂದಕ್ಕೆ ಒದ್ದು, ಬೆನ್ನಟ್ಟಿ, ಗೆರೆಯಾಚೆ ಅದರ ಮೇಲೆ ಬಿದ್ದರು. ಅದು ವೇಲ್ಸ್‌ಗೆ ಅವರ 41ನೇ ಟ್ರೈ. ಗ್ಯಾರೆತ್ ಥಾಮಸ್ ಅವರ 40ರ ದಾಖಲೆ ಅಲ್ಲಿಗೆ ಮುರಿಯಿತು. ಫುಟ್‌ಬಾಲ್ ಹುಚ್ಚಿನ ಹುಡುಗರಿಗೆ ಇದನ್ನು ತೋರಿಸಿದರೆ ಕಣ್ಣು ಅಗಲವಾಗುತ್ತದೆ.

2009ರ ಲಯನ್ಸ್ ಮೂರನೇ ಟೆಸ್ಟ್ ದೊಡ್ಡ ಮಕ್ಕಳಿಗೆ. ಜೊಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 28-9ರ ಗೆಲುವು, ಎರಡು ಟ್ರೈ ಶೇನ್ ಅವರದು. ಸರಣಿ ಆಗಲೇ ಕೈಬಿಟ್ಟಿತ್ತು, ಆದರೂ ಆಡಿದ ರೀತಿ ನೋಡಿ.

ಕೊನೆಯ ಎರಡನ್ನು ಒಟ್ಟಿಗೆ ಹಾಕಿ. 2011ರ ಡಿಸೆಂಬರ್, ಕಾರ್ಡಿಫ್, ಆಸ್ಟ್ರೇಲಿಯಾ ವಿರುದ್ಧ ವೇಲ್ಸ್‌ಗೆ ಅವರ ಕೊನೆಯ ಪಂದ್ಯ. ತಂಡ 24-18ರಿಂದ ಸೋತಿತು. ಆದರೆ ಪಂದ್ಯದ ಕೊನೆಯ ಗಳಿಗೆಯ ಟ್ರೈ ಅವರದು. 2012ರ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ಪ್ರೊ12 ಲೀಗ್ ಫೈನಲ್. ಎದುರಾಳಿ ಲೆನ್‌ಸ್ಟರ್, ಹಿಂದಿನ ವಾರವಷ್ಟೇ ಯುರೋಪ್ ಚಾಂಪಿಯನ್ ಆದ ತಂಡ. ಶೇನ್‌ಗೆ 35 ವರ್ಷ. ಎರಡು ಟ್ರೈ, ಎರಡನೆಯದು ಇನ್ನೇನು ಪಂದ್ಯ ಮುಗಿಯಿತು ಅನ್ನುವಾಗ. ಡ್ಯಾನ್ ಬಿಗರ್ ಕನ್ವರ್ಷನ್ ಒದ್ದರು, ಆಸ್ಪ್ರೀಸ್ 31-30ರಿಂದ ಗೆದ್ದಿತು. ಕೊನೆಯವರೆಗೂ ಆಡುವುದು ಅಂದರೆ ಏನು ಅಂತ ನೀವು ಭಾಷಣ ಮಾಡಬೇಕಿಲ್ಲ. ವಿಡಿಯೊ ಹಾಕಿ ಪಕ್ಕಕ್ಕೆ ನಿಂತರೆ ಸಾಕು.

ಚಪ್ಪಲಿ ಗಲ್ಲಿ

ಈಗ ಮೈದಾನ. ಸೈಡ್ ಸ್ಟೆಪ್, ಅಂದರೆ ಓಡುತ್ತಲೇ ತಟ್ಟನೆ ಪಕ್ಕಕ್ಕೆ ಹೆಜ್ಜೆ ಹಾಕಿ ತಪ್ಪಿಸಿಕೊಳ್ಳುವುದನ್ನು ಕಲಿಸಲು ನಾನು ಆಡಿಸುವ ಆಟಕ್ಕೆ ಮಕ್ಕಳೇ ಇಟ್ಟ ಹೆಸರು ಚಪ್ಪಲಿ ಗಲ್ಲಿ. ಕೋನ್ ಇಲ್ಲದ ಶಾಲೆಗೂ ಚಪ್ಪಲಿ ಇರುತ್ತವೆ. ಎರಡು ಸಾಲಾಗಿ ಚಪ್ಪಲಿ ಜೋಡಿಸಿ. ಅಗಲ ದೊಡ್ಡವರ ಐದು ಹೆಜ್ಜೆ, ಉದ್ದ ಹತ್ತು ಹನ್ನೆರಡು ಹೆಜ್ಜೆ. ಮಧ್ಯದಲ್ಲಿ ಒಬ್ಬರು ತಡೆಯುವವರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಈ ಕಡೆಯಿಂದ ಒಬ್ಬರು ಎರಡೂ ಕೈಯಲ್ಲಿ ಚೆಂಡು ಹಿಡಿದು ಓಡಿ ಬರಬೇಕು. ಮೈ ತಾಗಬಾರದು, ಸಾಲು ದಾಟಬಾರದು, ಆಚೆ ತುದಿ ಮುಟ್ಟಬೇಕು. ಅಷ್ಟೇ.

ನೀವು ತಡೆಯುವವರ ಹಿಂದೆ ನಿಲ್ಲಿ. ಓಡಿ ಬರುವವರ ಕಣ್ಣು, ಸೊಂಟ, ಪಾದ ಮೂರೂ ಅಲ್ಲಿಂದ ಕಾಣುತ್ತವೆ.

ಮೊದಲ ದಿನ ಎಲ್ಲ ಮಕ್ಕಳೂ ಮಾಡುವುದು ಒಂದೇ. ದೂರದಿಂದಲೇ ಪಕ್ಕಕ್ಕೆ ಸರಿದು, ಸುತ್ತು ಹಾಕಿ ಹೋಗಲು ನೋಡುತ್ತಾರೆ. ಹಾಗೆ ಹೋದರೆ ತಡೆಯುವವರಿಗೆ ಕೆಲಸವೇ ಇಲ್ಲ, ಓರೆಯಾಗಿ ಎರಡು ಹೆಜ್ಜೆ ಇಟ್ಟರೆ ಸಿಕ್ಕಿಬಿಡುತ್ತಾರೆ. ಆದ್ದರಿಂದ ಮೊದಲ ಪಾಠ ನೇರವಾಗಿ ಓಡುವುದು. ತಡೆಯುವವರ ಒಂದು ಭುಜಕ್ಕೆ ಗುರಿಯಿಟ್ಟು ಓಡಬೇಕು. ಎಡಭುಜಕ್ಕೆ ಬಂದರೆ ಅವರ ಭಾರ ಆ ಕಾಲ ಮೇಲೆ ಬೀಳುತ್ತದೆ. ಭಾರ ಬಿದ್ದ ಕಾಲನ್ನು ತಕ್ಷಣ ಎತ್ತಲು ಆಗುವುದಿಲ್ಲ. ನಮಗೆ ಬೇಕಾದ ಬಾಗಿಲು ತೆಗೆಯುವುದು ಅಲ್ಲಿ.

ಎರಡು ತೋಳಿನಷ್ಟು ದೂರ ಉಳಿದಾಗ ಹೆಜ್ಜೆ ಚಿಕ್ಕದಾಗಬೇಕು, ಆದರೆ ಕಾಲು ನಿಲ್ಲಬಾರದು. ಮೊಣಕಾಲು ಬಗ್ಗಿರಬೇಕು, ಸೊಂಟ ಕೆಳಗಿರಬೇಕು. ಆ ಜಾಗಕ್ಕೆ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯಿರಿ. ಗೆರೆಗಿಂತ ಮೊದಲೇ ತಿರುಗಿದರೆ ತಡೆಯುವವರು ಸುಧಾರಿಸಿಕೊಳ್ಳುತ್ತಾರೆ. ಗೆರೆ ದಾಟಿ ತಿರುಗಿದರೆ ಡಿಕ್ಕಿ. ಬಲಕ್ಕೆ ಹೋಗಬೇಕಿದ್ದರೆ ಎಡಗಾಲನ್ನು ಮೈಗಿಂತ ಹೊರಗೆ ಊರಿ ನೆಲ ಒದೆಯಬೇಕು. ಪಾದ ಊರುವಾಗ ಸದ್ದು ಕೇಳಿಸಬೇಕು ಅಂತ ನಾನು ಹೇಳುತ್ತೇನೆ. ಸದ್ದು ಬಂದರೆ ಒದೆತ ಗಟ್ಟಿ.

ಮುಂದಿನದನ್ನೇ ಹೆಚ್ಚಿನವರು ಬಿಟ್ಟುಬಿಡುವುದು. ತಪ್ಪಿಸಿಕೊಂಡ ಕೂಡಲೇ ಮಕ್ಕಳು ನಿಧಾನ ಮಾಡುತ್ತಾರೆ, ಹಿಂದೆ ತಿರುಗಿ ನೋಡುತ್ತಾರೆ. ಆಗ ಶೇನ್ ವಿಡಿಯೊ ಮತ್ತೆ ತೋರಿಸಿ. ಅವರ ಹೆಜ್ಜೆ ಬದಲಾವಣೆಗಿಂತ ಅದರ ಮುಂದಿನ ಮೂರು ಹೆಜ್ಜೆ ಹೆಚ್ಚು ಭಯಂಕರ. ಅಲ್ಲೇ ವೇಗ ದುಪ್ಪಟ್ಟಾದ ಹಾಗೆ ಕಾಣುತ್ತದೆ. ಆದ್ದರಿಂದ ಚಪ್ಪಲಿ ಗಲ್ಲಿಯಲ್ಲಿ ತಪ್ಪಿಸಿಕೊಂಡ ಮೇಲಿನ ಮೂರು ಹೆಜ್ಜೆಯನ್ನು ಜೋರಾಗಿ ಎಣಿಸುತ್ತಾ ಓಡಿಸುತ್ತೇನೆ. ಒಂದು, ಎರಡು, ಮೂರು ಅಂತ ಮೈದಾನವೆಲ್ಲ ಕೇಳಬೇಕು.

ಚೆನ್ನಾಗಿ ಬಂದ ಮೇಲೆ ಗಲ್ಲಿ ಕಿರಿದು ಮಾಡಿ. ಐದು ಹೆಜ್ಜೆ ನಾಲ್ಕಾಗಲಿ, ಮೂರಾಗಲಿ. ಶೇನ್ ಒಂದು ಆಟೋ ನಿಲ್ಲುವಷ್ಟು ಜಾಗದಲ್ಲಿ ಇಬ್ಬರನ್ನು ದಾಟಿದ್ದನ್ನು ಮಕ್ಕಳು ನೋಡಿರುತ್ತಾರೆ, ಮೂರು ಹೆಜ್ಜೆ ಅಂದರೆ ಹಿಂಜರಿಯುವುದಿಲ್ಲ.

ಖೋ ಖೋ ಮಕ್ಕಳಿಗೆ ಇದು ಬೇಗ ಒಲಿಯುತ್ತದೆ. ಡಾಡ್ಜ್ ಮಾಡುವುದು ಅವರ ರಕ್ತದಲ್ಲೇ ಇರುತ್ತದೆ. ಆದರೆ ಒಂದು ತಿದ್ದುಪಡಿ ಬೇಕು. ಖೋ ಖೋದಲ್ಲಿ ಅಟ್ಟುವವರು ಒಂದು ದಿಕ್ಕು ಹಿಡಿದ ಮೇಲೆ ತಿರುಗುವ ಹಾಗಿಲ್ಲ. ಹಾಗಾಗಿ ನಮ್ಮ ಮಕ್ಕಳು ಭುಜ ನೋಡಿ, ಅದು ತಿರುಗಿತು ಅಂದರೆ ಗೆದ್ದೆವು ಅಂದುಕೊಳ್ಳುತ್ತಾರೆ. ರಗ್ಬಿಯಲ್ಲಿ ತಡೆಯುವವರು ಮತ್ತೆ ತಿರುಗಬಹುದು. ಅಲ್ಲಿ ನೋಡಬೇಕಾದ್ದು ಸೊಂಟ. ಭುಜದಿಂದ ಮೋಸ ಮಾಡಬಹುದು, ಸೊಂಟದಿಂದ ಕಷ್ಟ. ನಮ್ಮಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗಿ, ತೀರಾ ಸಣ್ಣ ಮೈ, ಇದೊಂದನ್ನು ಹಿಡಿದ ಮೇಲೆ ಹತ್ತನೇ ಕ್ಲಾಸಿನ ಹುಡುಗರು ಅವಳೆದುರು ಗಲ್ಲಿಯಲ್ಲಿ ನಿಲ್ಲಲು ಹಿಂದೆ ಮುಂದೆ ನೋಡುತ್ತಾರೆ. ನಾನು ಅವಳಿಗೆ ಹೇಳಿಕೊಟ್ಟದ್ದು ಎಲ್ಲಿ ನೋಡಬೇಕು ಅಂತ ಅಷ್ಟೇ.

ಪಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥ್ರೋಬಾಲ್ ಆಡುವ ಮಕ್ಕಳು ತಲೆ ಮೇಲಿಂದ ಮುಂದಕ್ಕೆ ಎಸೆಯುತ್ತಾರೆ, ಅದನ್ನು ಬಿಡಿಸಬೇಕು. ನಾಲ್ವರನ್ನು ಓರೆಯಾಗಿ ಸಾಲು ನಿಲ್ಲಿಸಿ, ನಡೆಯುತ್ತಾ ಚೆಂಡು ದಾಟಿಸಲಿ. ಆಮೇಲೆ ಮೆಲ್ಲಗೆ ಓಡುತ್ತಾ. ಚೆಂಡು ಸೊಂಟದ ಮಟ್ಟದಿಂದ ಹೊರಟು, ತಗೊಳ್ಳುವವರ ಎದೆ ಮುಂದೆ ಬರಬೇಕು. ದಿನಕ್ಕೆ ಹತ್ತು ನಿಮಿಷ ಮಾಡಿದರೆ ತಾನಾಗಿ ಬರುತ್ತದೆ.

ಹಿಡಿಯುವುದು, ಬಿಡುವುದು

ಮೊದಲ ಕೆಲವು ವಾರ ಟಚ್ ರಗ್ಬಿ ಮಾತ್ರ. ಮುಟ್ಟಿದರೆ ನಿಲ್ಲಬೇಕು, ಚೆಂಡು ನೆಲಕ್ಕಿಟ್ಟು ಜೊತೆಗಾರರಿಗೆ ಬಿಡಬೇಕು. ಆರು ಸಲ ಮುಟ್ಟಿಸಿಕೊಂಡರೆ ಚೆಂಡು ಎದುರಾಳಿಗೆ. ಹುಡುಗ ಹುಡುಗಿಯರು ಒಟ್ಟಿಗೇ ಆಡಬಹುದು. ಟ್ಯಾಕಲ್ ಕಲಿಸುವ ತಯಾರಿ ನಿಮಗಿಲ್ಲದಿದ್ದರೆ ಟಚ್‌ನಲ್ಲೇ ನಿಲ್ಲಿಸಿ. ಅದೇ ಒಂದು ಪೂರ್ತಿ ಆಟ.

ಟ್ಯಾಕಲ್ ಕಲಿಸುವುದಾದರೆ ಜಾಗ ಮುಖ್ಯ. ನಮ್ಮದು ಎರೆ ಭೂಮಿಯ ಸೀಮೆ. ಬೇಸಿಗೆಯಲ್ಲಿ ಮೈದಾನ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಎರಡರಲ್ಲೂ ಮಕ್ಕಳನ್ನು ಕೆಡವಬೇಡಿ. ಲಾಂಗ್ ಜಂಪ್ ಹೊಂಡದ ಮರಳು ಚೆನ್ನಾಗಿ ಕೆದಕಿ, ಕಲ್ಲು ಆರಿಸಿ, ಅಲ್ಲಿ ಶುರು ಮಾಡಿ. ಕಬಡ್ಡಿ ಮ್ಯಾಟ್ ಇದ್ದರೆ ಇನ್ನೂ ಒಳ್ಳೆಯದು. ಗರಡಿ ಮನೆಯವರ ಪರಿಚಯವಿದ್ದರೆ ಕೇಳಿ ನೋಡಿ, ಆ ಕೆಂಪು ಮಣ್ಣಿನಷ್ಟು ಮೆತ್ತಗಿನ ಜಾಗ ಊರಿನಲ್ಲಿ ಬೇರೆ ಇಲ್ಲ.

ಮೊದಲು ಇಬ್ಬರೂ ಮಂಡಿಯೂರಿ. ತಡೆಯುವವರ ಕೆನ್ನೆ ಎದುರಾಳಿಯ ಸೊಂಟದ ಪಕ್ಕಕ್ಕೆ ಅಂಟಬೇಕು. ತಲೆ ಯಾವತ್ತೂ ಓಡುವವರ ಹಿಂಬದಿಗೆ, ಮುಂದೆ ಅಡ್ಡ ಬರಲೇಬಾರದು. ಎರಡೂ ತೋಳು ತೊಡೆ ಸುತ್ತ ಬಿಗಿಯಬೇಕು. ಕಣ್ಣು ತೆರೆದಿರಬೇಕು. ಇಷ್ಟು ಸರಿಯಾದ ಮೇಲೆ ನಿಂತು, ಆಮೇಲೆ ನಡೆಯುತ್ತಾ, ಕೊನೆಗೆ ಮೆಲ್ಲಗೆ ಓಡುತ್ತಾ.

ಕಬಡ್ಡಿ ಮಕ್ಕಳಿಗೆ ತೊಡೆ ಹಿಡಿತ ಗೊತ್ತಿರುತ್ತದೆ, ಅದು ದೊಡ್ಡ ಲಾಭ. ಆದರೆ ಎರಡು ಅಭ್ಯಾಸ ಅಡ್ಡ ಬರುತ್ತವೆ. ಒಂದು, ಪಾದ ಹಿಡಿಯಲು ತಲೆ ಹಾಕುವುದು. ರಗ್ಬಿಯಲ್ಲಿ ಎದುರಿನವರು ಪೂರ್ತಿ ವೇಗದಲ್ಲಿ ಬರುತ್ತಾರೆ, ಅವರ ಮೊಣಕಾಲು ನೇರ ಹಣೆಗೆ ಬಡಿಯುತ್ತದೆ. ಇನ್ನೊಂದು, ಹಿಡಿದ ಮೇಲೆ ಬಿಡದಿರುವುದು. ಕಬಡ್ಡಿಯಲ್ಲಿ ಬಿಟ್ಟರೆ ಪಾಯಿಂಟ್ ಹೋಯಿತು. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ಕೂಡಲೇ ಬಿಡಬೇಕು, ಬಿಡದಿದ್ದರೆ ಪೆನಾಲ್ಟಿ. ಅದಕ್ಕೆ ನಾನು ‘ಹಿಡಿ, ಕೆಡವು, ಬಿಡು’ ಅಂತ ಮೂರು ಮಾತು ಬಾಯಿಪಾಠ ಮಾಡಿಸಿದ್ದೇನೆ. ಬಿಡು ಅನ್ನುವುದನ್ನು ಹೆಚ್ಚು ಜೋರಾಗಿ ಕೂಗಿಸುತ್ತೇನೆ.

ಸಣ್ಣ ಮೈಯವರು ಟ್ಯಾಕಲ್ ಮಾಡಲಾರರು ಅನ್ನುವುದು ತಪ್ಪು. ಕೆಳಗೆ ಹೋಗಲು ಅವರಿಗೇ ಸುಲಭ. ತೊಡೆಗೆ ತೋಳು ಬಿಗಿದರೆ ಎಷ್ಟೇ ದೊಡ್ಡವರ ಕಾಲೂ ಓಡುವುದಿಲ್ಲ.

ತಲೆಗೆ ಪೆಟ್ಟು ಬಿದ್ದರೆ

ಇದನ್ನು ಹಗುರವಾಗಿ ತಗೊಳ್ಳಬೇಡಿ. ಪೆಟ್ಟು ಬಿದ್ದ ಮಗು ತಲೆ ಸುತ್ತುತ್ತದೆ ಅಂದರೆ, ವಾಂತಿ ಬಂದರೆ, ತಲೆನೋವು ಅಂದರೆ, ಮಂಕಾಗಿ ನೋಡಿದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ ಆ ದಿನ ಆಟ ಮುಗಿಯಿತು. ‘ನಾನು ಚೆನ್ನಾಗಿದೀನಿ ಮಿಸ್’ ಅಂದರೂ ಸರಿ, ವಾಪಸ್ ಇಳಿಸಬೇಡಿ. ಮನೆಯವರಿಗೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಿ. ಡಾಕ್ಟರ್ ಹೇಳುವವರೆಗೆ ಆಟ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2008ರ ಗ್ರ್ಯಾಂಡ್ ಸ್ಲಾಮ್ ತಂಡದ ನಾಯಕ ರಯನ್ ಜೋನ್ಸ್, ಶೇನ್ ಜೊತೆ ಆಸ್ಪ್ರೀಸ್‌ನಲ್ಲೂ ಆಡಿದವರು, ತಮಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂತ 2022ರಲ್ಲಿ ಹೊರಗೆ ಹೇಳಿಕೊಂಡರು. ಆಗ ಅವರ ವಯಸ್ಸು 41. ವೇಲ್ಸ್‌ಗೆ ಆಡಿದ ಆಲಿಕ್ಸ್ ಪೋಪಮ್ 2020ರಲ್ಲೇ ಇದನ್ನು ಹೇಳಿದ್ದರು. ಅವರ ಕಾಲದಲ್ಲಿ ತಲೆಗೆ ಬಿದ್ದ ಪೆಟ್ಟನ್ನು ಈಗಿನಷ್ಟು ಗಂಭೀರವಾಗಿ ನೋಡುತ್ತಿರಲಿಲ್ಲ. ನಮಗೆ ಗೊತ್ತಿದೆ. ಗೊತ್ತಿದ್ದ ಮೇಲೆ ಮಕ್ಕಳ ತಲೆ ನಮ್ಮ ಜವಾಬ್ದಾರಿ. ದೊಡ್ಡ ಮಕ್ಕಳಿಗೂ ಈ ಹೆಸರುಗಳನ್ನು ಹೇಳಿ.

ಮೌತ್ ಗಾರ್ಡ್ ಇಲ್ಲದೆ ಟ್ಯಾಕಲ್ ಬೇಡ. ಬಿಸಿ ನೀರಲ್ಲಿ ಅದ್ದಿ ಹಲ್ಲಿಗೆ ಕಚ್ಚಿಕೊಳ್ಳುವ ಥರದ್ದು ಸಿಗುತ್ತದೆ. ಊರಲ್ಲಿ ಡೆಂಟಲ್ ಕಾಲೇಜುಗಳಿವೆ, ಹೋಗಿ ಮಾತಾಡಿ. ಅದು ಹಲ್ಲು ಉಳಿಸುತ್ತದೆ, ತಲೆಯ ಪೆಟ್ಟನ್ನು ತಡೆಯುವುದಿಲ್ಲ. ಎರಡನ್ನೂ ಸೇರಿಸಿ ಭರವಸೆ ಕೊಡಬೇಡಿ.

ಮನೆಯವರು ಕೇಳುವುದು

‘ಟೀಚರೇ, ನಮ್ ಹುಡುಗ ನೋಡಿದ್ರೆ ಇಷ್ಟೇ ಇಷ್ಟು ಇದಾನೆ. ಇವನ್ನ ಆ ಆಟಕ್ಕೆ ಸೇರಿಸ್ಕೊಂತೀರಾ?’ ಅಂತ ಒಬ್ಬ ತಾಯಿ ಗೇಟ್ ಹತ್ತಿರ ಕೇಳಿದರು. ನಾನು ಮೊಬೈಲ್ ತೆಗೆದು 2010ರ ಆ ತುಣುಕು ತೋರಿಸಿದೆ. ಅವರು ನೋಡಿ, ‘ಇವ್ನೂ ಸಣ್ಣೋನೇ ಅದಾನಲ್ಲ’ ಅಂದರು. ಮಗ ಈಗ ಬರುತ್ತಿದ್ದಾನೆ.

ಮುಂದಿನ ಪ್ರಶ್ನೆ ಹೊಟ್ಟೆಪಾಡಿನದು. ಇಲ್ಲಿ ನಿಜ ಹೇಳಬೇಕು. ಶೇನ್ 35ರವರೆಗೂ ದೊಡ್ಡ ಮಟ್ಟದಲ್ಲಿ ಆಡಿದರು, ಎಲ್ಲರಿಗೂ ಅಷ್ಟು ಸಿಗುವುದಿಲ್ಲ. ಒಂದು ಗಾಯ ಸಾಕು. ವೇಲ್ಸ್‌ನಂಥ ಕಡೆಯೇ ಆಟದ ಬದುಕು ಹತ್ತು ಹದಿನೈದು ವರ್ಷದ್ದು. ನಮ್ಮ ದೇಶದಲ್ಲಿ ದಾರಿ ಈಗಷ್ಟೇ ತೆರೆಯುತ್ತಿದೆ. 2025ರಲ್ಲಿ ಏಳು ಜನರ ಆಟದ ರಗ್ಬಿ ಪ್ರೀಮಿಯರ್ ಲೀಗ್ ಮುಂಬೈನಲ್ಲಿ ನಡೆಯಿತು. ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ಒಂದು ತಂಡ ಇತ್ತು. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಗ್ಬಿ ಇತ್ತು. ಹಾಗಂತ ಮಗ ರಗ್ಬಿ ಆಡಿ ಮನೆ ಕಟ್ಟಿಸುತ್ತಾನೆ ಅಂತ ಯಾರಿಗೂ ಹೇಳಬೇಡಿ. ಓದು ಜೊತೆಗೇ ನಡೆಯಬೇಕು. ಆಟದಿಂದ ಮೈ, ಧೈರ್ಯ, ಗೆಳೆಯರು ಖಂಡಿತ ಸಿಗುತ್ತಾರೆ, ಇಷ್ಟು ನಾನು ಎದೆ ತಟ್ಟಿ ಹೇಳಬಲ್ಲೆ.

ಪೌಡರ್, ಇಂಜೆಕ್ಷನ್ ಅಂತ ಜಿಮ್ ಕಡೆ ಓಡುವ ಹುಡುಗರನ್ನು ತಡೆಯಿರಿ. ಶೇನ್ ಕೂಡ ವ್ಯಾಯಾಮದಿಂದ ಮೈ ಗಟ್ಟಿ ಮಾಡಿಕೊಂಡರು. ಆದರೂ ತೂಕ 80 ಕೆಜಿ ಆಸುಪಾಸಿನಲ್ಲೇ ಇತ್ತು, ಓಟ ಕಳೆದುಕೊಳ್ಳುವಷ್ಟು ಬೆಳೆಸಲಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಮೊಟ್ಟೆ, ಮನೆಯ ರೊಟ್ಟಿ, ಮೊಳಕೆ ಕಾಳು, ಶೇಂಗಾ, ರಾತ್ರಿ ಒಳ್ಳೆ ನಿದ್ದೆ. ಬಸ್ಕಿ, ದಂಡ ನಮ್ಮ ಗರಡಿಯಲ್ಲೇ ಇವೆ.

ಯಾವಾಗ ಶುರು ಮಾಡಬೇಕು

ಜೂನ್‌ನಲ್ಲಿ ಬೇಡ. ಆಗಿನಿಂದ ವಲಯ, ತಾಲ್ಲೂಕು, ಜಿಲ್ಲಾ ಮಟ್ಟ ಅಂತ ಖೋ ಖೋ, ಕಬಡ್ಡಿ, ಥ್ರೋಬಾಲ್ ಗಡಿಬಿಡಿ ಇರುತ್ತದೆ. ದಸರಾ ರಜೆ ಮುಗಿದ ಮೇಲೆ ಮೈದಾನವೂ ಖಾಲಿ, ನೆಲವೂ ಹದ, ಬಿಸಿಲೂ ಕಮ್ಮಿ. ಆಗ ಟಚ್ ಶುರು ಮಾಡಿ. ಡಿಸೆಂಬರ್ ಹೊತ್ತಿಗೆ ಚಪ್ಪಲಿ ಗಲ್ಲಿ ಮೂರು ಹೆಜ್ಜೆಗೆ ಬಂದಿರಬೇಕು. ಟ್ಯಾಕಲ್ ಜನವರಿಯಲ್ಲಿ. ಫೆಬ್ರುವರಿಯಿಂದ ಸಿಕ್ಸ್ ನೇಷನ್ಸ್ ನಡೆಯುತ್ತದೆ. ಅಲ್ಲಿ ಮಧ್ಯಾಹ್ನದ ಪಂದ್ಯ ಅಂದರೆ ನಮಗೆ ರಾತ್ರಿ ಊಟದ ಹೊತ್ತು, ಮಕ್ಕಳು ಮನೆಯಲ್ಲೇ ನೋಡಬಹುದು. ಈಗ 11ನೇ ನಂಬರ್ ಯಾರು ಹಾಕಿದ್ದಾರೆ, ಚೆಂಡಿಲ್ಲದಾಗ ಅವರು ಎಲ್ಲಿರುತ್ತಾರೆ ಅಂತ ಬರೆದುಕೊಂಡು ಬರಲು ಹೇಳಿ.

ಎಸ್ಸೆಸ್ಸೆಲ್ಸಿ ಮಕ್ಕಳನ್ನು ಜನವರಿ ಆದ ಮೇಲೆ ನೀವಾಗಿ ಕರೆಯಬೇಡಿ. ಅವರು ಬಂದೇ ಬರುತ್ತಾರೆ. ಬಂದರೆ ಟ್ಯಾಕಲ್ ಬೇಡ, ಅರ್ಧ ಗಂಟೆ ಟಚ್ ಆಡಿಸಿ, ಕತ್ತಲಾಗುವ ಮೊದಲು ಓದಲು ಕಳಿಸಿ.